ಕದ್ದರೆ ಮಾತ್ರ ಹುಟ್ಟುವ ಬೀಜ

ನಮ್ಮ ಮನೆಯಲ್ಲಿ ಈ ಸಂಗತಿಯನ್ನು ನಗುತ್ತ ಹೇಳುತ್ತಾರೆ. ನಾಮಕರಣವೋ ಗೃಹಪ್ರವೇಶವೋ, ನಾಲ್ಕು ಜನ ಸೇರಿದರೆ ಸಾಕು, ಹೊಸದುರ್ಗದ ನನ್ನ ತಂಗಿ ಶುರು ಮಾಡುತ್ತಾಳೆ. ಅಮ್ಮ ಹಿರಿಯೂರಿನಲ್ಲಿ ಇಂಜಿನಿಯರ ಕಾಂಪೌಂಡಿಗೆ ನುಗ್ಗಿ ಸಂಜೆಮಲ್ಲಿಗೆಯ ಬೀಜ ಕದ್ದದ್ದು, ಅವರು ಸೆರಗಿನ ಗಂಟು ಬಿಚ್ಚಿಸಿದ್ದು, ಕರಿಮೆಣಸಿನಂಥ ಬೀಜ ವರಾಂಡದ ತುಂಬ ಉರುಳಿದ್ದು. ಎಲ್ಲರೂ ನಗುತ್ತಾರೆ. ತಂಗಿ ಅಲ್ಲಿ ಇರಲೇ ಇಲ್ಲ. ಇದ್ದವಳು ನಾನು. ಅವಳು ಹೇಳುವ ಕಥೆಯಲ್ಲಿ ಒಬ್ಬ ಮನುಷ್ಯನೇ ಇಲ್ಲ. ಅವನನ್ನು ಕಥೆಯಿಂದ ತೆಗೆದುಹಾಕಿದ್ದು ಯಾರು ಎಂದು ಹುಡುಕಿದರೆ, ಇದನ್ನು ಮನೆಯಲ್ಲಿ ಮೊದಲು ಹೇಳಿದವಳು ನಾನೇ.

ಆದ್ದರಿಂದ ನನ್ನ ಸಿಟ್ಟು ಯಾರ ಮೇಲೆ ಎಂದು ಆರಂಭದಲ್ಲೇ ಇತ್ಯರ್ಥ ಮಾಡುವುದು ಬೇಡ. ಬೇಕಾದಷ್ಟು ಜನರಿದ್ದಾರೆ.

ಯಾವ ವರ್ಷ ಎನ್ನುವುದರಲ್ಲೇ ತಕರಾರಿದೆ. ತುರ್ತು ಪರಿಸ್ಥಿತಿಯ ಕಾಲ ಎಂದು ನಾನು ಬಹಳ ದಿನ ಹೇಳಿಕೊಂಡು ಬಂದೆ. ಆಗ ಎಲ್ಲರೂ ಹೆದರಿದ್ದರು, ನಾನೂ ಹೆದರಿದ್ದೆ ಎಂದರೆ ಕೇಳುವವರು ತಲೆದೂಗುತ್ತಾರೆ. ಆದರೆ ಸರ್ವಿಸ್ ಪುಸ್ತಕ ತೆಗೆದು ನೋಡಿದರೆ, ನಾನು ಐಮಂಗಲದ ಶಾಲೆಗೆ ಟೀಚರಾಗಿ ಸೇರಿದ್ದು ಅದಕ್ಕೂ ಎರಡು ವರ್ಷ ಮೊದಲು. ಪ್ರೊಬೇಷನ್ ಮುಗಿದದ್ದು ಆ ಘೋಷಣೆಗೆ ಕೆಲವು ದಿನ ಮುಂಚೆ. ಅಂದರೆ ನನ್ನನ್ನು ಹೆದರಿಸಲು ಸರ್ಕಾರ ಯಾವ ವಿಶೇಷ ಏರ್ಪಾಟನ್ನೂ ಮಾಡಿರಲಿಲ್ಲ. ನಾನು ಸ್ವಂತ ಖರ್ಚಿನಲ್ಲೇ ಹೆದರಿದ್ದೆ.

ಹಿರಿಯೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿತ್ತಲು ಒಂದು ಇಲಾಖೆಯ ಇಂಜಿನಿಯರ ಕ್ವಾರ್ಟರ್ಸಿಗೆ ಹೊಂದಿಕೊಂಡಿತ್ತು. ನಡುವೆ ಜಾಲಿಮುಳ್ಳಿನ ಬೇಲಿ. ಅಪ್ಪ ಜವನಗೊಂಡನಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದ. ಮದುವೆಯಾಗದ ಮಗಳು ಪೇಟೆಯಲ್ಲಿ ಒಬ್ಬಳೇ ಇರಬಾರದೆಂದು ಅಮ್ಮನನ್ನು ನನ್ನ ಜೊತೆ ಕಳಿಸಿದ್ದ. ಅಮ್ಮನಿಗೆ ಇಲ್ಲಿ ಕೆಲಸವಿರಲಿಲ್ಲ. ನಾನು ಬೆಳಿಗ್ಗೆ ಬಸ್ಸು ಹತ್ತಿದ ಮೇಲೆ ಅವಳು ಬೇಲಿಯ ಈಚೆ ಕೂತು ಆಚೆಗಿನ ತೋಟ ನೋಡುತ್ತಿದ್ದಳು.

ಆ ತೋಟ ಮಾಡಿದವನು ಹರಿಯಬ್ಬೆಯ ಕಡೆಯವನು. ಕುರಿ ಕಾಯುವ ಮನೆತನ. ಅಣ್ಣತಮ್ಮಂದಿರು ಪಾಲಾದಾಗ ತನ್ನ ಕುರಿಗಳನ್ನು ಮಾರಿ ಇಲಾಖೆಯಲ್ಲಿ ದಿನಗೂಲಿ ಮಾಲಿಯಾಗಿ ಸೇರಿದ್ದ. ವಯಸ್ಸು ನಲವತ್ತರ ಆಸುಪಾಸು. ಏಳೆಂಟು ವರ್ಷದಿಂದ ದಿನಗೂಲಿಯಲ್ಲೇ ಇದ್ದ. ಆ ಜೂನ್‌ನಲ್ಲಿ ಕಾಯಂ ಆಗುವವರ ಪಟ್ಟಿ ಬರುತ್ತದೆ, ಅದರಲ್ಲಿ ತನ್ನ ಹೆಸರಿದೆ ಎಂದು ಗುಮಾಸ್ತ ಹೇಳಿದ್ದನ್ನು ಅವನು ನಮಗೆ ಹೇಳಿದ್ದ. ಒಂದು ಸಲವಲ್ಲ, ನೀರು ಬಿಡುವಾಗೆಲ್ಲ ಹೇಳುತ್ತಿದ್ದ.

ಹಿರಿಯೂರಿನ ಬೇಸಿಗೆಯಲ್ಲಿ ಗಿಡ ಎಂಬುದು ಹಟಮಾರಿತನದ ಇನ್ನೊಂದು ಹೆಸರು. ಎರೆಮಣ್ಣು ಅಂಗೈ ಅಗಲ ಬಿರಿಯುತ್ತದೆ. ಆ ನೆಲದಲ್ಲಿ ಅವನು ಬೀಜದಿಂದಲೇ ಎಲ್ಲವನ್ನೂ ಎಬ್ಬಿಸುತ್ತಿದ್ದ. ಕಾಮಕಸ್ತೂರಿಯ ಬೀಜವನ್ನು ಮರಳಿನಲ್ಲಿ ಬೆರೆಸಿ, ಕೈಯಿಂದ ಉದುರಿಸಿ, ಮೇಲೆ ಹೊಂಗೆಸೊಪ್ಪು ಮುಚ್ಚುತ್ತಿದ್ದ. ಅವನ ನಿಜವಾದ ಕೆಲಸ ಮಾತ್ರ ಬಿಳಿ ಸಂಜೆಮಲ್ಲಿಗೆ.

ಸಂಜೆಮಲ್ಲಿಗೆ ಏನೂ ಅಪರೂಪದ್ದಲ್ಲ. ಬಚ್ಚಲ ನೀರು ಹರಿಯುವ ಕಡೆಯೆಲ್ಲ ಬೆಳೆಯುತ್ತದೆ. ಹೆಚ್ಚಿನದು ಗುಲಾಬಿ ಕೆಂಪು, ವಾಸನೆ ಅಷ್ಟಕ್ಕಷ್ಟೆ. ಅವನದು ಹಾಲಿನ ಬಿಳಿ, ನೀಳ ಕೊಳವೆಯ ಹೂವು. ನಾಲ್ಕೂವರೆಗೆ ಬಿಚ್ಚಲು ಶುರುವಾದರೆ ಐದೂವರೆಯ ಹೊತ್ತಿಗೆ ನಮ್ಮ ಅಡುಗೆಮನೆಯ ಒಗ್ಗರಣೆಯ ವಾಸನೆಯನ್ನೂ ಮುಚ್ಚಿಹಾಕುತ್ತಿತ್ತು. ಅದನ್ನು ಹಾಗೆ ಮಾಡಲು ಮೂರು ವರ್ಷ ಹಿಡಿದಿತ್ತು. ಬಿಳಿಯ ಪಕ್ಕ ಕೆಂಪು ಇದ್ದರೆ ಮುಂದಿನ ಬೀಜದಲ್ಲಿ ಗೆರೆ ಬರುತ್ತದೆ. ಅದಕ್ಕೆ ಅವನು ಕಾಂಪೌಂಡಿನ ಕೆಂಪು ಗಿಡಗಳನ್ನೆಲ್ಲ ಗೆಡ್ಡೆಸಮೇತ ಕಿತ್ತುಹಾಕಿದ್ದ. ಪ್ರತಿ ಸಂಜೆ ಒಂದೊಂದು ಹೂವಿನೊಳಗೂ ಇಣುಕಿ ನೋಡುತ್ತಿದ್ದ. ಎಳೆಯಷ್ಟು ಕೆಂಪು ಕಂಡರೂ ಆ ಗಿಡವನ್ನು ಬೀಜ ಕಟ್ಟುವ ಮೊದಲೇ ತೆಗೆಯುತ್ತಿದ್ದ. ಶುದ್ಧವಾದವಕ್ಕೆ ಉಣ್ಣೆಯ ದಾರ ಕಟ್ಟುತ್ತಿದ್ದ. ದಾರವಿದ್ದ ಗಿಡದ ಬೀಜ ಮಾತ್ರ ಮುಂದಿನ ವರ್ಷಕ್ಕೆ.

"ಏನಪ್ಪ, ಏನು ಹಾಕ್ತೀಯ ಬುಡಕ್ಕೆ? ಇಷ್ಟು ಘಮ್ಮಂತ ಐತೆ," ಎಂದು ಅಮ್ಮ ಬೇಲಿಯ ಈಚೆಯಿಂದ ಕೇಳಿದ್ದಳು.

"ಕುರಿ ಹಿಕ್ಕೆ ಕಣವ್ವ. ಮ್ಯಾಲೆ ಸಾಹೇಬ್ರ ಬೈಗುಳ ಒಂದ್ ಬೊಗಸೆ."

"ನಮ್ಮನೇಲಿ ಬೈಗುಳಕ್ಕೇನು ಬರ ಇಲ್ಲ. ಹೂವೇ ಇಲ್ಲ."

ಅಮ್ಮ ಹಾಗೆ ಅಂದದ್ದು ಸುಮ್ಮನಲ್ಲ. ನಮ್ಮ ಕಡೆ ಹೂವಿನ ಗಿಡವನ್ನಾಗಲಿ ಬೀಜವನ್ನಾಗಲಿ ಕೇಳಿ ತರುವುದಿಲ್ಲ. ಕೇಳಿ ತಂದದ್ದು ಹತ್ತುವುದಿಲ್ಲ, ಕೈಯಾರೆ ಕೊಟ್ಟರೆ ಕೊಟ್ಟವರ ಗಿಡ ಒಣಗುತ್ತದೆ, ಕದ್ದು ತಂದದ್ದೇ ಚಿಗುರುತ್ತದೆ ಎಂದು ನಂಬಿಕೆ. ಹಾಗೆಂದು ಅದು ಕಳ್ಳತನವಲ್ಲ. ಕಳ್ಳತನಕ್ಕೆ ಇಷ್ಟು ಕಟ್ಟುನಿಟ್ಟು ಎಲ್ಲಿಯೂ ಇಲ್ಲ. ಬೇಕಾದವರು ಗಿಡವನ್ನು ಹೊಗಳಬೇಕು. ಗಿಡ ಇದ್ದವರು ತಾವು ಯಾವ ಹೊತ್ತಿನಲ್ಲಿ ಬೇರೆ ಕಡೆ ಮುಖ ಮಾಡಿರುತ್ತೇವೆ ಎಂಬುದನ್ನು ಮಾತಿನ ನಡುವೆ ತಿಳಿಸಬೇಕು. ಕದಿಯುವವರು ಒಂದು ಹಿಡಿಗಿಂತ ಹೆಚ್ಚು ತೆಗೆಯಬಾರದು, ಬುಡ ಅಲ್ಲಾಡಿಸಬಾರದು. ಆಮೇಲೆ ಎರಡು ಕಡೆಯವರೂ ಆ ಮಾತು ಎತ್ತಬಾರದು. ಬೆನ್ನು ತಿರುಗಿಸುವುದೇ ಇಲ್ಲಿ ಕೊಡುವ ರೀತಿ.

"ಮಂಗಳವಾರ ಸಂಜೆ ನಲ್ಲಿ ವಾಷರ್ ಹಾಕಾದೈತೆ," ಎಂದ ಮಾಲಿ, ಯಾರಿಗೂ ಅಲ್ಲ ಎಂಬಂತೆ. "ಅರ್ಧ ತಾಸು ಆ ಕಡೀಕೆ ಕುಂತಿರ್ತೀನಿ."

ಅಮ್ಮ ಒಳಗೆ ಬಂದು, "ಮಂಗಳವಾರ ಎಲ್ಲೂ ಹೋಗಬ್ಯಾಡ ಕಣೇ. ಮುಳ್ಳು ಹಿಡ್ಕೊಳ್ಳಾಕೆ ಒಬ್ರು ಬೇಕು," ಎಂದಳು. ಅವಳನ್ನು ಅಷ್ಟು ಗೆಲುವಾಗಿ ನಾನು ಆ ಮನೆಯಲ್ಲಿ ನೋಡಿರಲಿಲ್ಲ. ಈ ವಾಕ್ಯವನ್ನು ಬರೆದ ಮೇಲೆ ಅನುಮಾನ ಬರುತ್ತಿದೆ. ಗೆಲುವಾಗಿದ್ದಳು ಎಂದರೆ ಮುಂದಿನದಕ್ಕೆ ಒಂದು ಕರುಣೆ ಸಿಗುತ್ತದೆ. ಬಿಡಿ. ಮುಳ್ಳು ಹಿಡಿಯಲು ಒಬ್ಬರು ಬೇಕು ಎಂದದ್ದು ಮಾತ್ರ ಖಂಡಿತ, ಏಕೆಂದರೆ ಹಿಡಿದವಳು ನಾನು.

ಮೇ ತಿಂಗಳ ಕೊನೆ, ಶಾಲೆಗೆ ರಜೆ. ಮಂಗಳವಾರ ಐದು ಗಂಟೆಗೆ ಅಮ್ಮ ಬೇಲಿ ನುಸುಳಿದಳು. ನಾನು ಈಚೆ ನಿಂತು ಎರಡು ಜಾಲಿಕೊಂಬೆಗಳನ್ನು ಎತ್ತಿ ಹಿಡಿದಿದ್ದೆ. ಮಾಲಿ ನಲ್ಲಿಯ ಹತ್ತಿರ ನಮಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಿದ್ದ. ಅಮ್ಮ ಗಿಡದ ಮೇಲಿನದನ್ನು ಮುಟ್ಟಲಿಲ್ಲ. ದಾರ ಕಟ್ಟಿದ ಗಿಡಗಳ ಕೆಳಗೆ ಉದುರಿದ್ದನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಒಂದು ಹಿಡಿ. ಆಗ ವರಾಂಡದಿಂದ ಹೆಂಗಸಿನ ಧ್ವನಿ ಬಂತು.

"ಯಾರ್ರೀ ಅದು? ಏನ್ ಮಾಡ್ತಿದೀರ ಅಲ್ಲಿ?"

ಹೊಸ ಇಂಜಿನಿಯರ ಹೆಂಡತಿ. ಅವರು ಬಂದು ಮೂರು ತಿಂಗಳೂ ಆಗಿರಲಿಲ್ಲ. ಅಮ್ಮ ಓಡಲಿಲ್ಲ. ಓಡಬೇಕೆಂದು ಅವಳಿಗೆ ತೋಚಲೇ ಇಲ್ಲ. ನಾನು ಕೊಂಬೆ ಬಿಟ್ಟೆ. ಕೊಂಬೆ ಬಿಟ್ಟು ಮನೆಯೊಳಗೆ ಹೋದೆ.

ಮಾರನೆಯ ಬೆಳಿಗ್ಗೆ ಜವಾನ ಬಂದು ನಮ್ಮಿಬ್ಬರನ್ನೂ ಕರೆದ. ವರಾಂಡದಲ್ಲಿ ಇಂಜಿನಿಯರು ಬೆತ್ತದ ಕುರ್ಚಿಯ ಮೇಲೆ, ಪಕ್ಕದಲ್ಲಿ ಬರೆದುಕೊಳ್ಳಲು ಗುಮಾಸ್ತ, ಮೆಟ್ಟಿಲ ಕೆಳಗೆ ಬಿಸಿಲಲ್ಲಿ ಮಾಲಿ. ಆ ತಿಂಗಳು ಕಾಂಪೌಂಡಿನಿಂದ ಒಂದು ರಬ್ಬರ್ ಪೈಪು ಕಾಣೆಯಾಗಿತ್ತಂತೆ. ಯಾರು ತೆಗೆದರೆಂದು ಗೊತ್ತಾಗಿರಲಿಲ್ಲ. ಇಂಜಿನಿಯರಿಗೆ ಬೇಕಾಗಿದ್ದದ್ದು ಬೀಜದ ಲೆಕ್ಕವಲ್ಲ. ಮಾಲಿ ಹೊರಗಿನವರನ್ನು ಒಳಗೆ ಬಿಡುತ್ತಾನೆಯೇ ಎಂಬುದು. ಕೂಗಾಡುವ ಮನುಷ್ಯನಲ್ಲ. ಮೆತ್ತಗೆ ಮಾತಾಡಿದರು. ಆ ಮೆತ್ತಗಿನ ದನಿಯ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ.

"ನೋಡಿ ಅಮ್ಮ, ಹೆದರಬೇಡಿ. ಬೀಜ ಇವನು ಕೊಟ್ಟನಾ, ನೀವೇ ತಗೊಂಡ್ರಾ?"

"ಅವನ್ಯಾಕೆ ಕೊಡ್ತಾನೆ ಸ್ವಾಮಿ. ಕೊಡೋನಲ್ಲ ಅವನು. ನಾನೇ ಕದ್ದಿದ್ದು."

"ಆಗ ಇವನು ಎಲ್ಲಿದ್ದ?"

"ಅಲ್ಲೇ ನಲ್ಲಿ ಹತ್ರ ಇದ್ದ. ಆ ಕಡೆ ತಿರುಗಿದ್ದ."

"ನೀವು ಬರೋದು ಗೊತ್ತಿರಲಿಲ್ವೇನೋ ಪಾಪ."

"ಗೊತ್ತಿಲ್ದೆ ಏನು? ಮಂಗಳವಾರ ಅಂತ ಅವನೇ ಹೇಳಿದ್ದ. ಭಾಳ ಒಳ್ಳೇನು ಸ್ವಾಮಿ. ಬೆನ್ನು ತಿರುಗ್ಸಾಕೂ ಮನ್ಸು ಬೇಕು, ಎಲ್ರಿಗೂ ಬರಲ್ಲ."

ಗುಮಾಸ್ತನ ಪೆನ್ನು ಓಡುತ್ತಿತ್ತು. ಅಮ್ಮ ಅವನನ್ನು ಕಾಪಾಡುತ್ತಿದ್ದಳು. ಅವಳ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಾಧ್ಯವಿರಲಿಲ್ಲ. ಅವನು ಕೊಟ್ಟಿಲ್ಲ, ಆದ್ದರಿಂದ ಸರ್ಕಾರದ ಸ್ವತ್ತು ಕೊಟ್ಟ ತಪ್ಪು ಅವನದಲ್ಲ. ಬೆನ್ನು ತಿರುಗಿಸಿದ, ಆದ್ದರಿಂದ ದೊಡ್ಡ ಮನುಷ್ಯ. ಒಂದೊಂದು ಮಾತಿಗೂ ಅವನ ಕೆಲಸ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು. ಆ ವರಾಂಡದಲ್ಲಿ ಅಮ್ಮನ ಲೆಕ್ಕವೂ ಇಂಜಿನಿಯರ ಲೆಕ್ಕವೂ ಎರಡೂ ತಿಳಿಯುತ್ತಿದ್ದದ್ದು ಒಬ್ಬಳಿಗೇ. ಅವಳು ಸೀರೆಗೆ ಪಿನ್ನು ಹಾಕಿಕೊಂಡು, ಕೈಕಟ್ಟಿ, ಕಂಬದ ಪಕ್ಕ ನಿಂತಿದ್ದಳು.

ಸೆರಗಿನ ಗಂಟು ಬಿಚ್ಚಿಸಿದ್ದು ಆಮೇಲೆ. ಹಿಂದಿನ ಸಂಜೆ ಕಟ್ಟಿದ್ದು ಹಾಗೆಯೇ ಇತ್ತು. ಬೀಜ ಉರುಳಿದ್ದು ನಿಜ. ನಗು ಬರುವ ಹಾಗೆಯೇ ಉರುಳಿದವು.

"ನೀವು ಟೀಚರ್ ಅಲ್ವಾ?" ಇಂಜಿನಿಯರು ನನ್ನ ಕಡೆ ತಿರುಗಿದರು. "ನಿಮಗೆ ಇದು ಗೊತ್ತಿತ್ತಾ?"

ಹೇಳಬಹುದಾದ ಮಾತು ಬಹಳ ಸಣ್ಣದು. ಸರ್, ನಮ್ಮ ಕಡೆ ಬೀಜ ಕೊಡುವ ಪದ್ಧತಿಯೇ ಹೀಗೆ, ಪೈಪಿಗೂ ಇದಕ್ಕೂ ಸಂಬಂಧವಿಲ್ಲ, ಬೇಲಿಯ ಮುಳ್ಳು ಎತ್ತಿ ಹಿಡಿದವಳು ನಾನೇ. ಈ ಮಾತನ್ನು ಅನಂತರ ಐಮಂಗಲದ ಬಸ್ಸಿನಲ್ಲಿ, ಅನ್ನ ಬಸಿಯುವಾಗ, ಮಕ್ಕಳ ಕಾಪಿ ತಿದ್ದುವಾಗ ಎಷ್ಟೋ ಸಲ ಸರಿಯಾಗಿ ಜೋಡಿಸಿದ್ದೇನೆ. ಅವತ್ತು ಪ್ರೊಬೇಷನ್ ಮುಗಿಯಲು ಇನ್ನೂ ಒಂದು ವರ್ಷವಿತ್ತು, ಜೋಡಿಸಿದ್ದು ಬೇರೆ.

"ನಾನು ಮನೇಲಿರಲಿಲ್ಲ ಸರ್. ಸಂತೆಗೆ ಹೋಗಿದ್ದೆ."

ಅಮ್ಮ ನನ್ನ ಮುಖ ನೋಡಿದಳು. ಮಾಲಿ ನೋಡಿದನೋ ಇಲ್ಲವೋ ಗೊತ್ತಿಲ್ಲ. ನಾನು ಅವನ ಕಡೆ ನೋಡಲಿಲ್ಲ. ಮಂಗಳವಾರ ಹಿರಿಯೂರಿನಲ್ಲಿ ಸಂತೆ ಇತ್ತೇ ಎಂದು ಯಾರೂ ಕೇಳಲಿಲ್ಲ.

ಜೂನ್‌ನಲ್ಲಿ ಪಟ್ಟಿ ಬಂತು. ಅವನ ಹೆಸರು ಇರಲಿಲ್ಲ. ಅಷ್ಟೇ ಅಲ್ಲ, ದಿನಗೂಲಿಯಿಂದಲೂ ತೆಗೆದರು. ಹೊಸ ಮಾಲಿಗೆ ದಾರದ ಅರ್ಥ ಗೊತ್ತಿರಲಿಲ್ಲ. ಅವನು ಎಲ್ಲವನ್ನೂ ಒಟ್ಟಿಗೆ ಕಿತ್ತು, ಬೂದುಗುಂಬಳ ಹಾಕಿದ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಸಿಟ್ಟಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ಆದರೆ ಅಮ್ಮ ಅವತ್ತು ಆ ಹಿಡಿಯಲ್ಲೇ ಒಂದಿಷ್ಟು ಬೀಜವನ್ನು ರವಿಕೆಯೊಳಗೂ ಇಟ್ಟುಕೊಂಡಿದ್ದಳು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅವನ್ನು ಲೋಟದ ಉಗುರುಬೆಚ್ಚಗಿನ ನೀರಿಗೆ ಹಾಕಿದ್ದನ್ನು ಕಂಡೆ. ರಾತ್ರಿ ನೆನೆಸಿ ಬೆಳಿಗ್ಗೆ ಬಚ್ಚಲ ಪಕ್ಕ ಹೆಬ್ಬೆರಳ ಒಂದು ಗೆಣ್ಣಿನಷ್ಟು ಆಳಕ್ಕೆ ಊರಿದಳು. ಕುರಿ ಹಿಕ್ಕೆಯನ್ನು ಪುಡಿಮಾಡಿ ಜರಡಿ ಹಿಡಿದಳು. ಹೊಂಗೆಸೊಪ್ಪಿನ ನೆರಳು ಮಾಡಿದಳು. ಎಲ್ಲ ಅವನು ಮಾಡಿದ ಹಾಗೆಯೇ. ವಾರ ಕಳೆದಂತೆ ಮೂತ್ರಪಿಂಡದ ಆಕಾರದ ಜೋಡಿ ಎಲೆಗಳು ಮಣ್ಣನ್ನು ಹೆಂಟೆಸಮೇತ ಎತ್ತಿಕೊಂಡು ಮೇಲೆ ಬಂದವು.

"ನೋಡ್ದೇನೇ, ಒಂದೂ ಹುಸಿ ಹೋಗಿಲ್ಲ," ಎಂದಳು. "ಕದ್ದಿದ್ದಕ್ಕೆ."

"ಅವನ ಕೆಲ್ಸ ಹೋಗಿದ್ದಕ್ಕೆ," ಎಂದೆ.

"ಕೆಲ್ಸ ನಾನು ಕಳೆದ್ನಾ? ನಾನು ಇದ್ದದ್ದು ಇದ್ದಂಗೆ ಹೇಳ್ದೆ. ನೀನು ಸಂತೇಲಿದ್ದೆ."



ಏಪ್ರಿಲ್ ಕೊನೆಗೆ ಹೂ ಬಂತು. ಒಂದು ಗಿಡದ ಹೂವಿನಲ್ಲಿ ಕೆಂಪು ಗೆರೆಯಿತ್ತು. ಅಮ್ಮ ಅದನ್ನು ಅವನಂತೆಯೇ ಕಿತ್ತು ಎಸೆದಳು. ಉಳಿದವು ಹಾಲುಬಿಳಿ. ಸಂಜೆ ಕಿಟಕಿಯಿಂದ ವಾಸನೆ ಒಳಗೆ ಬರುತ್ತಿತ್ತು, ನಾನು ಕಿಟಕಿ ಮುಚ್ಚುತ್ತಿದ್ದೆ, ಸೆಕೆಗೆ ತೆರೆಯುತ್ತಿದ್ದೆ. ಬಹಳ ಕಾಲದ ಮೇಲೆ ಇದನ್ನೇ ಒಂದು ಕಥೆ ಮಾಡಿ ಬರೆದಾಗ, ಕಥೆಯ ಹುಡುಗಿ ಗಿಡಗಳ ಬುಡಕ್ಕೆ ಕುದಿಯುವ ನೀರು ಸುರಿಯುತ್ತಾಳೆ. ಓದಿದವರು ಆ ಜಾಗವನ್ನೇ ಮೆಚ್ಚಿದರು. ನಾನು ಹಾಗೇನೂ ಮಾಡಲಿಲ್ಲ. ಅಮ್ಮನಿಗೆ ಜ್ವರ ಬಂದಾಗ ಐದು ದಿನ ಆ ಗಿಡಗಳಿಗೆ ನೀರು ಹಾಕಿದವಳು ನಾನು. ಅದನ್ನು ಬರೆಯಲು ಕಥೆಯಲ್ಲಿ ಜಾಗ ಸಿಗಲಿಲ್ಲ.

ಮೇ ತಿಂಗಳಲ್ಲಿ ಹರಿಯಬ್ಬೆಗೆ ಹೋದೆ. ಹೋದದ್ದು ಒಬ್ಬಳೇ. ಊರಿನ ಆಚೆ ಬೇವಿನ ಮರದ ಕೆಳಗೆ ಅವನು ಉಣ್ಣೆ ನೂಲುತ್ತ ಕೂತಿದ್ದ. ಸುತ್ತ ಇದ್ದದ್ದು ಅಣ್ಣನ ಕುರಿಗಳು. ಅವನ ಹೆಂಡತಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅವನು ನನ್ನನ್ನು ನೋಡಿದ ಕೂಡಲೇ, "ಬೀಜ ಹುಟ್ಟಿದ್ವಾ ಟೀಚರಮ್ಮ?" ಎಂದು ಕೇಳಿದ ಎಂದು ನಾನು ಹತ್ತಾರು ವರ್ಷ ನಂಬಿಕೊಂಡಿದ್ದೆ. ಕಣ್ಣಲ್ಲಿ ನೀರು ತರುವಂಥ ಮಾತು. ಆದರೆ ಅವನು ಹಾಗೆ ಕೇಳಲಿಲ್ಲ. ಬೀಜದ ಸುದ್ದಿಯನ್ನೇ ಎತ್ತಲಿಲ್ಲ. ಆ ಮಾತು ನನಗೆ ಬೇಕಾಗಿತ್ತು, ಆದ್ದರಿಂದ ಅವನ ಬಾಯಿಗೆ ತುರುಕಿದೆ. ಕೆಲಸ ಕಳೆದುಕೊಂಡದ್ದು ಸಾಲದೆಂದು ನನ್ನನ್ನು ಕ್ಷಮಿಸುವ ಚಾಕರಿಯನ್ನೂ ಅವನಿಗೇ ಹಚ್ಚಿದೆ.

ನಡೆದದ್ದು ಇಷ್ಟು.

"ಬರ್ರಿ, ಕುಂತ್ಕಳ್ರಿ," ಎಂದ. ನೂಲುವುದನ್ನು ನಿಲ್ಲಿಸಲಿಲ್ಲ.

"ನಾನು ಅವತ್ತು ಸುಳ್ಳು ಹೇಳಿದೆ," ಎಂದೆ. "ಬೇಲಿ ಹತ್ರ ನಾನೂ ಇದ್ದೆ."

"ಗೊತ್ತೈತೆ. ಮುಳ್ಳು ಹಿಡ್ಕಂಡು ನಿಂತಿದ್ರಿ. ಬೆನ್ನು ತಿರುಗ್ಸಾಕೆ ಮುಂಚೆ ನೋಡಿದ್ದೆ."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಯಾರು ಬರ್ಕತ್ತಿದ್ರು? ಪೆನ್ನು ಇದ್ದಿದ್ದು ಮ್ಯಾಲೆ. ನಾನು ಇದ್ದಿದ್ದು ಮೆಟ್ಲು ಕೆಳಗೆ."

ಹೆಂಡತಿ ಕುಟ್ಟುವುದನ್ನು ಬಿಟ್ಟು ನನ್ನ ಕಡೆ ತಿರುಗಿ ಕೂತಳು.

"ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ ಟೀಚರಮ್ಮ. ಸುಳ್ಳು ಹೇಳಬಾರ್ದು ಅಂತ ಹುಡುಗ್ರಿಗೆ ಹೇಳ್ಕೊಡ್ತೀರಲ್ಲ, ಅದನ್ನ ಪುಸ್ತಕ ನೋಡ್ಕಂಡು ಹೇಳ್ಕೊಡ್ತೀರೋ, ಬಾಯಾಗೇ ಬರ್ತತೋ?"

"ಲೇ, ಸುಮ್ಕಿರು," ಎಂದ ಗಂಡ, ಗದರುವ ದನಿಯಲ್ಲೇನೂ ಅಲ್ಲ.

"ಸುಮ್ಕೇ ಇದ್ದೀನಲ್ಲ ಒಂದ್ ವರ್ಷದಿಂದ."

ನಾನು ಬರೆದು ಕೊಡುತ್ತೇನೆ ಎಂದೆ. ಅವತ್ತು ನಡೆದದ್ದನ್ನು ನಡೆದ ಹಾಗೆ, ನನ್ನ ಸುಳ್ಳನ್ನೂ ಸೇರಿಸಿ, ಚಿತ್ರದುರ್ಗದ ದೊಡ್ಡ ಕಚೇರಿಗೆ ಅರ್ಜಿ ಬರೆಯುತ್ತೇನೆ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬಹುದು ಎಂದೆ. ಅವನು ನೂಲಿನ ಎಳೆಯನ್ನು ಬೆರಳಿಗೆ ಸುತ್ತಿಕೊಂಡ.

"ಬರೀರಿ," ಎಂದ. "ಪಟ್ಟಿ ಹೋದ ವರ್ಷದ್ದು. ಆ ಸಾಹೇಬ್ರು ಹೊಳಲ್ಕೆರೆಗೆ ವರ್ಗ ಆಗಿ ಹೋದ್ರು. ಬರೀರಿ, ಕಾಗದ ನಿಮ್ದು."

ಅದೇ ವಾರ ಬರೆದೆ. ಪ್ರೊಬೇಷನ್ ಮುಗಿಯಲು ಇನ್ನೂ ಕೆಲವು ದಿನ ಉಳಿದಿದ್ದವು. ಮೂರು ಪುಟ. ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು ಎಂದು ಮೊದಲ ಸಾಲಿನಲ್ಲೇ ಬರೆದೆ. ಪದ್ಧತಿ ಏನೆಂದು ಬರೆದೆ. ಕೆಳಗೆ ಹೆಸರು, ಹುದ್ದೆ, ಶಾಲೆ, ತಾಲೂಕು. ಒಂದು ಪ್ರತಿಯನ್ನು ನನ್ನ ಇಲಾಖೆಗೂ ಕಳಿಸಿದೆ. ನನ್ನ ಮೇಲೆ ಏನು ಕ್ರಮ ಬರುತ್ತದೋ ಬರಲಿ ಎಂದು ಅಮ್ಮನಿಗೆ ಹೇಳಿ ಪೆಟ್ಟಿಗೆ ಜೋಡಿಸಿಟ್ಟೆ. ಕೆಲಸ ಹೋದರೆ ಜವನಗೊಂಡನಹಳ್ಳಿಗೆ ಹೋಗಾಣ ಎಂದು ಅವಳೂ ತಯಾರಾದಳು.

ಚಿತ್ರದುರ್ಗದಿಂದ ಉತ್ತರ ಬರಲಿಲ್ಲ. ಅವನಿಗೆ ಕೆಲಸ ಸಿಗಲಿಲ್ಲ. ಜೂನ್‌ನಲ್ಲಿ ನಮ್ಮ ಇನ್ಸ್‌ಪೆಕ್ಟರು ಶಾಲೆಗೆ ಬಂದರು. ನಾನು ನಿಂತೇ ಇದ್ದೆ. ಅವರು ಹಾಜರಿ ಪುಸ್ತಕ ತಿರುವಿ, ಮೂರನೇ ತರಗತಿಯ ಮಗ್ಗಿ ಕೇಳಿ, ಹೋಗುವಾಗ, "ನಿಮ್ಮದೊಂದು ಕಾಗದ ಬಂದಿತ್ತಲ್ಲ ಟೀಚರ್, ಅದೇನೋ ಹೂವಿನ ಗಿಡದ ವಿಷಯ. ನಮಗೆ ಸಂಬಂಧ ಇಲ್ಲ ಅಂತ ಫೈಲ್ ಮಾಡಿದ್ವಿ. ಪ್ರೊಬೇಷನ್ ಕ್ಲಿಯರ್ ಆಗಿದೆ, ಸಿಹಿ ಯಾವಾಗ?" ಎಂದರು.

ನನಗೆ ಏನೂ ಆಗಲಿಲ್ಲ. ಅವತ್ತು ವರಾಂಡದಲ್ಲಿ ನಿಂತು ನಿಜ ಹೇಳಿದ್ದರೂ ನನಗೆ ಏನೂ ಆಗುತ್ತಿರಲಿಲ್ಲ.